ಸಾರ್ಟೆಡ್ ಅಂದರೆ ವಿಂಗಡಿಸಿದ್ದು ಅಲ್ಲ

ಕಳೆದ ವಾರ ಓದಿದ ಒಂದು ಕಾಲೇಜು ಪ್ರಾಜೆಕ್ಟ್ ವರದಿಯಲ್ಲಿ ಮತ್ತೆ ಅದೇ ಸಾಲು: "ಡೇಟಾಬೇಸಿನಿಂದ ತಂದ ರೆಕಾರ್ಡುಗಳನ್ನು ವಿಂಗಡಿತ ಸಂಗ್ರಹದಲ್ಲಿ ಇಡಲಾಗಿದೆ." ಕೋಡ್ ತೆರೆದು ನೋಡಿದರೆ ಅಲ್ಲಿದ್ದದ್ದು ಬರೀ ಅರೇಲಿಸ್ಟ್ (ಹಾಕಿದ ಸರದಿಯಲ್ಲೇ ಇಡುವ ಸಾದಾ ಪಟ್ಟಿ). ಬರೆದ ಹುಡುಗನನ್ನು ಕೇಳಿದೆ. "ಹಾಕಿದ ಕ್ರಮದಲ್ಲೇ ವಾಪಸ್ ಬರುತ್ತಲ್ಲ ಮೇಡಂ, ಸಾರ್ಟೆಡ್ ತಾನೇ?" ಅಂದ. ಒಂದೇ ಪದದ ಸುತ್ತ ಎರಡು ತಪ್ಪು. ತಪ್ಪು ಆ ಹುಡುಗನದಲ್ಲ, ನಾವು ಬಳಕೆಗೆ ತಂದ ಪದದ್ದು.

ಕನ್ನಡದಲ್ಲಿ ವಿಂಗಡಿಸುವುದು ಅಂದರೆ ಬೇರೆ ಮಾಡುವುದು. ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ. ಮಲೆನಾಡಿನಲ್ಲಿ ಅಡಿಕೆಯನ್ನು ಬೆಟ್ಟೆ, ರಾಶಿ, ಗೊರಬಲು ಎಂದು ಗುಡ್ಡೆ ಹಾಕುತ್ತಾರೆ. ಒಂದು ಗುಡ್ಡೆಯೊಳಗೆ ಯಾವ ಅಡಿಕೆ ಮೊದಲು, ಯಾವುದು ಆಮೇಲೆ ಎಂದು ಯಾರೂ ಕೇಳುವುದಿಲ್ಲ. ಸಾರ್ಟೆಡ್ ಸಂಗ್ರಹದಲ್ಲಿ, ಅಂದರೆ ಸದಾ ಏರಿಕೆ ಕ್ರಮದಲ್ಲೇ ಇರುವ ಸಂಗ್ರಹದಲ್ಲಿ, ಇರುವುದೇ ಆ ಪ್ರಶ್ನೆ.

ಈ ಗೊಂದಲ ಇಂಗ್ಲಿಷಿನಲ್ಲೇ ಹುಟ್ಟಿದ್ದು. 'ಸಾರ್ಟ್' ಪದದ ಮೂಲ ಲ್ಯಾಟಿನ್ನಿನ 'ಸೋರ್ಸ್', ಅಂದರೆ ಚೀಟಿ ಎತ್ತಿದಾಗ ಬರುವ ಪಾಲು. ಫ್ರೆಂಚಿನ ಮೂಲಕ ಬರುವಾಗ ಅದು 'ಬಗೆ', 'ಜಾತಿ' ಆಯಿತು. ಹಾಗಾಗಿ ಸಾರ್ಟ್ ಮಾಡುವುದೆಂದರೆ ಮೊದಲಿಗೆ ಬಗೆಬಗೆಯಾಗಿ ಬೇರೆ ಮಾಡುವುದೇ. ಅಂಚೆಯವರ ಸಾರ್ಟಿಂಗ್ ಇವತ್ತಿಗೂ ಅದೇ: ಊರಿಗೊಂದು ಗೂಡು, ಗೂಡಿಗೊಂದು ಕಟ್ಟು. ಏರಿಕೆ ಕ್ರಮದ ಅರ್ಥ ಇದಕ್ಕೆ ಬಲವಾಗಿ ಅಂಟಿಕೊಂಡಿದ್ದು ತೂತು ಕಾರ್ಡಿನ ಯಂತ್ರಗಳ ಕಾಲದಲ್ಲಿ. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ಇಂಥ ಕಾರ್ಡುಗಳನ್ನು ಬಳಕೆಗೆ ತಂದರು. ಮುಂದೆ ಅದೇ ಸಾಲಿನಲ್ಲಿ ಬಂದ ಕಾರ್ಡ್ ಸಾರ್ಟರ್ ಒಂದು ಸಲಕ್ಕೆ ಒಂದೇ ಅಂಕಿ ನೋಡಿ, ಆ ಅಂಕಿಯ ಗೂಡಿಗೆ ಕಾರ್ಡನ್ನು ಹಾಕುತ್ತಿತ್ತು. 42, 17, 12, 47 ಎಂಬ ನಾಲ್ಕು ಕಾರ್ಡು ಇವೆ ಅನ್ನಿ. ಮೊದಲ ಸಲ ಬಿಡಿಸ್ಥಾನ: 2ರ ಗೂಡಿಗೆ 42, 12, 7ರ ಗೂಡಿಗೆ 17, 47. ಅದೇ ಸಾಲಿನಲ್ಲಿ ಒಟ್ಟುಗೂಡಿಸಿ ಮತ್ತೆ ಹಾಕಿ, ಈಗ ಹತ್ತರ ಸ್ಥಾನ: 1ರ ಗೂಡಿಗೆ 12, 17, 4ರ ಗೂಡಿಗೆ 42, 47. ಎತ್ತಿಕೊಂಡರೆ 12, 17, 42, 47. ಯಂತ್ರ ಮಾಡಿದ್ದು ಎರಡು ಸಲ ವಿಂಗಡಣೆ, ಕೈಗೆ ಬಂದದ್ದು ಏರಿಕೆ ಕ್ರಮ. ಕೆಲಸದ ಹೆಸರು ಫಲಕ್ಕೆ ಅಂಟಿತು. ಈ ಇತಿಹಾಸ ಇಂಗ್ಲಿಷಿನದು. ಅದರ ಹಳೆಯ ಅರ್ಥವನ್ನು ನಾವು ಕನ್ನಡಕ್ಕೆ ಹೊತ್ತು ತಂದು ಮಕ್ಕಳ ತಲೆ ಕೆಡಿಸುವ ಅಗತ್ಯವಿಲ್ಲ. ಮೂರನೇ ತರಗತಿಯಿಂದ 'ಏರಿಕೆ ಕ್ರಮದಲ್ಲಿ ಬರೆಯಿರಿ' ಎಂದು ಲೆಕ್ಕ ಮಾಡಿಸಿದವರು ನಾವೇ ಅಲ್ಲವೇ? 'ಏರಿಕೆ ಕ್ರಮದ ಸಂಗ್ರಹ' ಅನ್ನಿ. ಉದ್ದವಾಯಿತು ಅನಿಸಿದರೆ 'ಸಾರ್ಟೆಡ್' ಎಂದೇ ಬರೆಯಿರಿ, ಕನ್ನಡಕ್ಕೇನೂ ಕುಂದಿಲ್ಲ.

ಇನ್ನು ಆ ಹುಡುಗನ ಎರಡನೇ ಗೊಂದಲ: ಹಾಕಿದ ಕ್ರಮದಲ್ಲೇ ಬಂದರೆ ಸಾರ್ಟೆಡ್ ಅನ್ನುವುದು. ಶಾಲೆಯ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಜೂನಿನಲ್ಲಿ ಅಕಾರಾದಿಯಾಗಿ ಹೆಸರು ಬರೆದಿರುತ್ತಾರೆ. ಆಗಸ್ಟಿನಲ್ಲಿ ಅನಿತಾ ಬಂದು ಸೇರಿದರೆ ಅವಳ ಹೆಸರು ಯಶವಂತನ ಕೆಳಗೆ, ಪಟ್ಟಿಯ ಕೊನೆಗೆ. ಆ ಪಟ್ಟಿಗೆ ಅನುಕ್ರಮ ಇದೆ, ಅದು ಸಾರ್ಟೆಡ್ ಅಲ್ಲ. 'ಕ್ರಮ' ಅಂದರೆ ಹೆಜ್ಜೆ. 'ಅನುಕ್ರಮ' ಒಂದರ ಹಿಂದೆ ಒಂದು ಬಂದದ್ದು, ಅಷ್ಟೇ. ಜಾವಾ ಭಾಷೆಯ ಸಂಗ್ರಹಗಳಲ್ಲಿ ಲಿಂಕ್ಡ್‌ಹ್ಯಾಶ್‌ಮ್ಯಾಪ್ ಹಾಜರಿ ಪುಸ್ತಕದ ಹಾಗೆ, ಬಂದ ಸರದಿಯನ್ನು ಕಾಯುತ್ತದೆ. ಟ್ರೀಮ್ಯಾಪ್ ಅನಿತಾಳನ್ನು ಎಂದು ಸೇರಿಸಿದರೂ ಅವಳ ಜಾಗದಲ್ಲೇ ಕೂರಿಸುತ್ತದೆ. ಒಮ್ಮೆ ಸಾರ್ಟ್ ಮಾಡಿದ ಪಟ್ಟಿಗೂ ಸಾರ್ಟೆಡ್ ಸಂಗ್ರಹಕ್ಕೂ ವ್ಯತ್ಯಾಸ ಇದೇ. ಅಂದಹಾಗೆ, ಆರ್ಡರ್ ಬೈ (ಯಾವ ಕ್ರಮ ಬೇಕೆಂಬ ಸೂಚನೆ) ಹಾಕದೆ ಡೇಟಾಬೇಸಿಗೆ ಕೇಳಿದ ಕ್ವೆರಿಯಿಂದ ಬಂದ ರೆಕಾರ್ಡುಗಳಿಗೆ ಯಾವ ಕ್ರಮದ ಖಾತ್ರಿಯೂ ಇಲ್ಲ. ನಿನ್ನೆ ಸರಿಯಾಗಿ ಬಂತು ಅನ್ನುವುದು ಖಾತ್ರಿಯಲ್ಲ.

ಕ್ರಮದ ಲಾಭ ಹುಡುಕುವಾಗ ಗೊತ್ತಾಗುತ್ತದೆ. ಏರಿಕೆ ಕ್ರಮದ 10 ಲಕ್ಷ ರೆಕಾರ್ಡಿನಲ್ಲಿ ನಡುವಿನದನ್ನು ನೋಡಿ ಪ್ರತಿ ಹೋಲಿಕೆಗೂ ಅರ್ಧ ಬಿಟ್ಟುಕೊಟ್ಟರೆ ಸುಮಾರು 20 ಹೋಲಿಕೆಯಲ್ಲಿ ಬೇಕಾದ್ದು ಸಿಗುತ್ತದೆ. ಒಂದೇ ರೆಕಾರ್ಡು ಬೇಕಿದ್ದರೆ, ಕ್ರಮವನ್ನೇ ಕಾಯದ ಹ್ಯಾಶ್‌ಮ್ಯಾಪ್ ಇನ್ನೂ ಬೇಗ ಕೊಡುತ್ತದೆ, ಒಪ್ಪುತ್ತೇನೆ. ಆದರೆ 'ಇಲ್ಲಿಂದ ಅಲ್ಲಿಯವರೆಗೆ' ಎಂದು ಕೇಳಿದರೆ ಅದು ಇಡೀ ಸಂಗ್ರಹವನ್ನು ಜಾಲಾಡಬೇಕು. ಡೇಟಾಬೇಸಿನ ಇಂಡೆಕ್ಸು (ಹುಡುಕಲು ನೆರವಾಗುವ ಸೂಚಿ) ಸಾಮಾನ್ಯವಾಗಿ ಕ್ರಮ ಕಾಯುವ ಬಿ-ಟ್ರೀ ರಚನೆ ಆಗಿರುವುದಕ್ಕೆ ಇದೂ ಕಾರಣ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಶೇಖರಣಾ ವ್ಯವಸ್ಥೆಯಂತೂ ಟೇಬಲ್ಲನ್ನೇ ಪ್ರೈಮರಿ ಕೀ (ಪ್ರತಿ ರೆಕಾರ್ಡನ್ನು ಗುರುತಿಸುವ ಮೌಲ್ಯ) ಕ್ರಮದಲ್ಲಿ ಇಡುತ್ತದೆ.

ಎಡವುವುದು ಕೀ, ಅಂದರೆ ಯಾವುದನ್ನು ನೋಡಿ ಕ್ರಮ ಹಚ್ಚುತ್ತೇವೋ ಅದನ್ನು, ಆರಿಸುವಾಗ. ಸರ್ವೆ ನಂಬರನ್ನು ಅಕ್ಷರಗಳ ಸಾಲಾಗಿ ಇಟ್ಟರೆ 12/10 ಎಂಬುದು 12/2ಕ್ಕಿಂತ ಮೊದಲು ಬರುತ್ತದೆ. ಹಿಸ್ಸಾ 1ರಿಂದ 2ರವರೆಗೆ ಕೇಳಿದವರಿಗೆ 10, 11 ಕೂಡ ನುಸುಳಿ ಬರುತ್ತವೆ. ಅಂಕಗಳನ್ನೇ ಕೀ ಮಾಡುವುದು ಇನ್ನೂ ಕೆಟ್ಟದ್ದು: 625ಕ್ಕೆ 598 ತೆಗೆದ ಇಬ್ಬರಿದ್ದರೆ ಟ್ರೀಮ್ಯಾಪಿನಲ್ಲಿ ಎರಡನೆಯವರ ವಿವರ ಮೊದಲನೆಯವರದ್ದನ್ನು ಅಳಿಸಿ ಕೂರುತ್ತದೆ. ಯಾವ ಎರರ್ರೂ ಬರುವುದಿಲ್ಲ. ಒಂದು ಮಗು ಪಟ್ಟಿಯಿಂದ ಕಾಣೆಯಾಗುತ್ತದೆ. ಅಂಕದ ಜೊತೆ ನೋಂದಣಿ ಸಂಖ್ಯೆಯನ್ನೂ ಕೀಯೊಳಗೆ ಸೇರಿಸಿದರೆ ಹೀಗಾಗುವುದಿಲ್ಲ.

ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕಿದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದಮೇಲೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಟ್ಟಿರುವ ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲ ಆದಮೇಲೆ, ವ ಬರುವ ಮೊದಲೇ ಕೂತಿದೆ. ಊರುಗಳ ಹೆಸರನ್ನು ಹಾಗೇ ಟ್ರೀಮ್ಯಾಪಿಗೆ ಹಾಕಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಿಘಂಟು ನೋಡಿ ಬೆಳೆದವರು ಬಸವಕಲ್ಯಾಣ ದಾಟಿದ ಮೇಲೆ ಬಳ್ಳಾರಿಯನ್ನು ಹುಡುಕುತ್ತಾರೆ, ಅದು ಅಲ್ಲಿರುವುದಿಲ್ಲ. ಹ ಆದಮೇಲೆ ಳ ಎಂಬ ಹೋಲಿಕೆಯ ನಿಯಮ ಇರುವ ಕಂಪ್ಯಾರೇಟರನ್ನು (ಎರಡರಲ್ಲಿ ಯಾವುದು ಮೊದಲು ಎಂದು ಹೇಳುವ ಕೋಡನ್ನು) ಟ್ರೀಮ್ಯಾಪಿಗೆ ಕೊಡಬೇಕು.