ಹಾರಾಟದ ದೂರ, ಹಾರಾಟದ ಅವಧಿ: ದೆಹಲಿ ಮತ್ತು ಟೋಕಿಯೊ ನಡುವೆ

ದೆಹಲಿಗೂ ಟೋಕಿಯೊಗೂ ನಡುವಿನ ಹಾರಾಟದ ದೂರ ಸುಮಾರು 5,850 ಕಿಲೋಮೀಟರ್ ಎನ್ನುವಾಗ ಆ ಅಂಕಿ ಸೂಚಿಸುವುದು ವಿಮಾನವು ನಿಜವಾಗಿ ಸಾಗುವ ದಾರಿಯನ್ನಲ್ಲ, ಗೋಳಾಕಾರದ ಭೂಮಿಯ ಮೇಲೆ ಈ ಎರಡು ನಗರಗಳನ್ನು ಸೇರಿಸುವ ಅತಿ ಚಿಕ್ಕ ಗೆರೆಯ ಉದ್ದವನ್ನು. ಇದಕ್ಕೆ ಮಹಾವೃತ್ತ ದೂರವೆಂದು ಹೆಸರು. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತ ಮಹಾವೃತ್ತ, ಭೂಮಧ್ಯರೇಖೆ ಅಂಥದ್ದೊಂದು. ಗ್ಲೋಬಿನ ಮೇಲೆ ಎರಡೂ ನಗರಗಳಿಗೆ ತಾಗುವಂತೆ ದಾರವೊಂದನ್ನು ಹಿಡಿದು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಈ ಗೆರೆಗೆ ಬಂದು ನಿಲ್ಲುತ್ತದೆ. ಗೋಡೆಯ ಮೇಲಿನ ಭೂಪಟದಲ್ಲಾದರೋ ಅದೇ ಗೆರೆ ಉತ್ತರಕ್ಕೆ ಬಾಗಿದಂತೆ ಕಾಣುತ್ತದೆ. ವಿಮಾನ ಚಾಲಕರು ಬಳಸುವ ನಾಟಿಕಲ್ ಮೈಲಿಯಲ್ಲಿ (1.852 ಕಿ.ಮೀ.) ಈ ದೂರ ಸುಮಾರು 3,150.

ಆದರೆ ಆ ದಾರ ಹಿಮಾಲಯವನ್ನು ದಾಟಿ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹಾದುಹೋಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಕುಸಿದರೆ ಚಾಲಕರು ತಡಮಾಡದೆ ಸುಮಾರು 10,000 ಅಡಿ ಎತ್ತರಕ್ಕೆ ಇಳಿಯಬೇಕಾಗುತ್ತದೆ, ಏಕೆಂದರೆ ಪ್ರಯಾಣಿಕರ ಮುಖವಾಡಗಳಿಗೆ ಬರುವ ಆಮ್ಲಜನಕ ಸಾಮಾನ್ಯವಾಗಿ ಕೆಲವೇ ನಿಮಿಷಗಳ ಮಟ್ಟಿನದು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್, ಅಂದರೆ 14,000 ಅಡಿಗೂ ಮೇಲಿರುವುದರಿಂದ ಅಲ್ಲಿ ಹಾಗೆ ಇಳಿಯಲು ಜಾಗವಿಲ್ಲ. ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಬಳಸಿಕೊಂಡು, ಮ್ಯಾನ್ಮಾರ್ ಮತ್ತು ಚೀನಾದ ಯುನ್ನಾನ್ ಪ್ರಾಂತ್ಯದ ಮೇಲಿಂದ ಸಾಗುತ್ತವೆ. ಈ ಬಳಸುದಾರಿಯ ಹೆಚ್ಚುವರಿ ಉದ್ದ ದೂರದ ಪಟ್ಟಿಗಳಲ್ಲಿ ಕಾಣುವುದಿಲ್ಲ.

ದೂರ ಒಂದೇ ಆದರೂ ಹೋಗುವ ಅವಧಿ ಬೇರೆ, ಬರುವ ಅವಧಿ ಬೇರೆ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಮಾರುತ ಚಳಿಗಾಲದಲ್ಲಿ ಜಪಾನಿನ ಮೇಲೆ ಬಹಳ ಬಲವಾಗಿರುತ್ತದೆ. 1920ರ ದಶಕದಲ್ಲಿ ಜಪಾನಿನ ತತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ, ಹೊರಜಗತ್ತಿಗೂ ತಿಳಿಯಲೆಂದು ತಮ್ಮ ವರದಿಯನ್ನು ಎಲ್ಲ ದೇಶದವರ ಬಳಕೆಗೆಂದು ರೂಪಿಸಿದ ಕೃತಕ ಭಾಷೆಯಾದ ಎಸ್ಪೆರಾಂಟೊದಲ್ಲಿ ಪ್ರಕಟಿಸಿದರು. ಅದು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದದ್ದು ನಿಜಕ್ಕೂ ವಿಷಾದದ ಸಂಗತಿ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 100 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಸಿಕ್ಕರೆ 6,000 ಕಿ.ಮೀ. ದಾರಿ 6 ಗಂಟೆಯಲ್ಲಿ ಮುಗಿಯುತ್ತದೆ, ಅದೇ ಗಾಳಿ ಎದುರಾದರೆ ಏಳೂವರೆ ಗಂಟೆ ಹಿಡಿಯುತ್ತದೆ.

ವೇಳಾಪಟ್ಟಿಯಲ್ಲಿ ಮುದ್ರಿತವಾಗುವ ಅವಧಿ ಇದಕ್ಕಿಂತ ದೊಡ್ಡದು. ಅದು ಬ್ಲಾಕ್ ಟೈಮ್: ನಿಲ್ದಾಣದಲ್ಲಿ ಚಕ್ರಗಳಿಗೆ ಕೊಟ್ಟ ಅಡ್ಡಕಟ್ಟೆಗಳನ್ನು ತೆಗೆದು ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಅದು ಪೂರ್ತಿ ನಿಲ್ಲುವವರೆಗಿನ ಕಾಲ. ದೆಹಲಿಯಿಂದ ಟೋಕಿಯೊಗೆ ಇದು ಸುಮಾರು ಏಳೂವರೆ ಗಂಟೆಯಾದರೆ, ಮರಳುವಾಗ ಚಳಿಗಾಲದಲ್ಲಿ ಒಂಬತ್ತು ಗಂಟೆ ಮೀರುತ್ತದೆ.

ಟಿಕೆಟ್ ನೋಡಿದವರಿಗೆ ಮಾತ್ರ ಇದು ತಲೆಕೆಳಗಾಗಿ ತೋರುತ್ತದೆ, ಏಕೆಂದರೆ ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದ್ದು, ಟಿಕೆಟ್ಟಿನಲ್ಲಿ ಆಯಾ ಊರಿನ ವೇಳೆಯನ್ನೇ ಬರೆದಿರುತ್ತಾರೆ. ದೆಹಲಿಯನ್ನು ರಾತ್ರಿ 8ಕ್ಕೆ ಬಿಟ್ಟು ಏಳೂವರೆ ಗಂಟೆ ಹಾರಿದವರು ಟೋಕಿಯೊದಲ್ಲಿ ಇಳಿದಾಗ ಅಲ್ಲಿ ಬೆಳಗಿನ 7 ಗಂಟೆ; ಕಾಗದದ ಮೇಲೆ ಹನ್ನೊಂದು ಗಂಟೆ ಕಳೆದಿರುತ್ತದೆ. ಟೋಕಿಯೊವನ್ನು ಬೆಳಿಗ್ಗೆ 11ಕ್ಕೆ ಬಿಟ್ಟು ಒಂಬತ್ತೂಕಾಲು ಗಂಟೆ ಹಾರಿದವರು ಅದೇ ದಿನ ಸಂಜೆ 4.45ಕ್ಕೆ ದೆಹಲಿಯಲ್ಲಿರುತ್ತಾರೆ, ಕಾಗದದ ಲೆಕ್ಕದಲ್ಲಿ ಬರೀ ಐದೂಮುಕ್ಕಾಲು ಗಂಟೆ.