ಪೋರ್ಟಲ್‌ನಲ್ಲಿ ಸಿಗದ ಇಂಜಿನಿಯರ್ ಎಲ್ಲಿರುತ್ತಾರೆ?

ರಾಜಾಜಿನಗರದಲ್ಲಿ ಮೂರೇ ಜನ ಕೂರುವ ಆಫೀಸು ನಮ್ಮದು. ಹನ್ನೊಂದು ವರ್ಷದಿಂದ ಐಟಿ ಕಂಪನಿಗಳಿಗೆ ಜನರನ್ನು ಹುಡುಕಿಕೊಡುತ್ತಿದ್ದೇನೆ. ಹೊಸದಾಗಿ ಕನ್ಸಲ್ಟೆನ್ಸಿ ಶುರು ಮಾಡಿದವರು ಬಂದರೆ ಕೇಳುವುದು ಒಂದೇ ಮಾತು. "ನೌಕ್ರಿ ಪ್ಯಾಕೇಜಿಗೆ ದುಡ್ಡು ಸಾಲಲ್ಲ, ಲಿಂಕ್ಡ್‌ಇನ್ ಇನ್ನೂ ದುಬಾರಿ. ಒಳ್ಳೆ ಕ್ಯಾಂಡಿಡೇಟ್ ಎಲ್ಲಿ ಸಿಗ್ತಾರೆ?"

ಈ ಉದ್ಯೋಗ ಪೋರ್ಟಲ್‌ಗಳಲ್ಲಿ ರೆಸ್ಯೂಮೆ ಹುಡುಕಲು ದುಡ್ಡಿದ್ದರೂ ಕಷ್ಟವೇ. ಇವತ್ತು ಬೆಳಿಗ್ಗೆ ರೆಸ್ಯೂಮೆ ಅಪ್‌ಡೇಟ್ ಮಾಡಿದವರಿಗೆ ಸಂಜೆಯೊಳಗೆ ಹತ್ತಾರು ಫೋನ್ ಹೋಗಿರುತ್ತವೆ. ಆ ಸಾಲಿನಲ್ಲಿ ಕೊನೆಗೆ ನಿಂತು ಗೆಲ್ಲುವುದು ಹೇಗೆ? ಕಂಪನಿ ನಮಗೆ ಕೊಡುವ ಫೀ ಸಾಮಾನ್ಯವಾಗಿ ಸೇರಿದವರ ವರ್ಷದ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ. ಸೇರಿದವರು 90 ದಿನದೊಳಗೆ ಬಿಟ್ಟರೆ ಇನ್ನೊಬ್ಬರನ್ನು ಪುಕ್ಕಟೆ ಕೊಡಬೇಕು. ಹೀಗಿರುವಾಗ ಸುಮ್ನೆ ನೂರು ರೆಸ್ಯೂಮೆ ಕಳಿಸಿ ಕಾಯುವ ಆಟ ಸಣ್ಣವರಿಗೆ ಆಗಿಬರುವುದಿಲ್ಲ.

ಮೊದಲು, ಎಲ್ಲ ಕೆಲಸಕ್ಕೂ ಜನ ಕೊಡುತ್ತೇವೆ ಎನ್ನುವುದನ್ನು ಬಿಡಿ. ನಾವು ಈಗ ಬ್ಯಾಕೆಂಡ್ (ಆ್ಯಪಿನ ತೆರೆಮರೆಯ ಸರ್ವರ್ ಭಾಗ ಬರೆಯುವ ಕೆಲಸ) ಮತ್ತು ಡೆವ್‌ಆಪ್ಸ್ (ಬರೆದ ಸಾಫ್ಟ್‌ವೇರನ್ನು ಸರ್ವರ್‌ಗಳಿಗೆ ಏರಿಸಿ ನಡೆಸುವ ಕೆಲಸ) ಬಿಟ್ಟು ಬೇರೆ ಮುಟ್ಟುವುದಿಲ್ಲ. ಈ ಪಾಠ ಕಲಿತದ್ದು 2019ರಲ್ಲಿ. ಕ್ಲೈಂಟ್ ಒಬ್ಬರು, ಹಲವು ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ನಡೆಸಲು ಬಳಸುವ ಕುಬರ್ನೆಟೀಸ್‌ ಎಂಬ ಟೂಲ್‌ನಲ್ಲಿ ಎಂಟು ವರ್ಷದ ಅನುಭವ ಬೇಕೆಂದರು. ಎರಡು ವಾರ ಹುಡುಕಿದೆ. ಕೊನೆಗೆ ಪರಿಚಯದ ಇಂಜಿನಿಯರ್ ಒಬ್ಬರನ್ನು ಕೇಳಿದಾಗ ಗೊತ್ತಾಯಿತು, ಗೂಗಲ್ ಅದನ್ನು ಹೊರಗೆ ಬಿಟ್ಟದ್ದೇ 2014ರಲ್ಲಿ! ಕ್ಲೈಂಟಿಗೆ ಇದನ್ನು ವಿವರಿಸಿ ಮೂರು ವರ್ಷಕ್ಕೆ ಇಳಿಸಿದೆವು, ಹತ್ತು ದಿನದಲ್ಲಿ ಜನ ಸಿಕ್ಕರು. ನೀವು ಕೋಡ್ ಬರೆಯಬೇಕಿಲ್ಲ. ಆದರೆ ನಿಮ್ಮ ಕ್ಷೇತ್ರದ ಒಂದೊಂದು ಹೆಸರೂ ಏನು, ಯಾವಾಗ ಬಂತು, ಯಾತಕ್ಕೆ ಬಳಸುತ್ತಾರೆ ಎಂಬುದು ಬಾಯಲ್ಲಿರಬೇಕು.

ಇನ್ನು ಹುಡುಕುವ ಜಾಗ. ಇಂಜಿನಿಯರುಗಳು ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ವೆಬ್‌ಸೈಟ್ ನನಗೆ ಬಹಳ ಇಷ್ಟ. ಊರು ಮತ್ತು ಪ್ರೋಗ್ರಾಮಿಂಗ್ ಭಾಷೆ ಹಾಕಿ ಅಲ್ಲಿ ಜನರನ್ನು ಹುಡುಕಬಹುದು, ಅದಕ್ಕೆ ದುಡ್ಡಿಲ್ಲ. ಇಲ್ಲೊಂದು ಗುಟ್ಟಿದೆ. ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಆದರೂ ಪ್ರೊಫೈಲ್‌ಗಳಲ್ಲಿ ಕೆಲವರು ಬೆಂಗಳೂರು ಎಂದು, ಕೆಲವರು ಬ್ಯಾಂಗಲೋರ್ ಎಂದು ಬರೆದಿರುತ್ತಾರೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿಗೂ ಹಾಗೆಯೇ. ಎರಡೂ ಸ್ಪೆಲ್ಲಿಂಗ್ ಹಾಕಿ ಹುಡುಕಿ. ಬೇರೆಯವರ ಕಣ್ಣಿಗೆ ಬೀಳದವರು ಅಲ್ಲಿ ಸಿಗುತ್ತಾರೆ.

ಸಿಕ್ಕ ಮೇಲೆ ಏನು ನೋಡಬೇಕು? ಯಾವ ದಿನ ಎಷ್ಟು ಕೆಲಸ ಮಾಡಿದ್ದಾರೆಂದು ಪ್ರೊಫೈಲ್‌ನಲ್ಲಿ ತೋರಿಸುವ ಹಸಿರು ಚೌಕಗಳನ್ನು ಎಣಿಸಬೇಡಿ. ಅವರ ಪ್ರಾಜೆಕ್ಟಿನಲ್ಲಿ ಯಾರಾದರೂ "ಇದು ಕೆಲಸ ಮಾಡುತ್ತಿಲ್ಲ" ಎಂದು ದೂರಿದ್ದಾರಾ ನೋಡಿ. ಅದಕ್ಕೆ ಹೇಗೆ ಉತ್ತರಿಸಿದ್ದಾರೆ? ತಾಳ್ಮೆಯಿಂದ ಎರಡು ಪ್ರಶ್ನೆ ಕೇಳಿ, ತಪ್ಪು ಒಪ್ಪಿ, ಸರಿ ಮಾಡಿದ್ದಾರಾ? ಬೇರೆಯವರ ಪ್ರಾಜೆಕ್ಟಿಗೆ ಇವರು ಕಳಿಸಿದ ಬದಲಾವಣೆಯನ್ನು ಆ ಪ್ರಾಜೆಕ್ಟಿನವರು ಸೇರಿಸಿಕೊಂಡಿದ್ದಾರಾ? ಇದನ್ನು ಓದಲು ಕೋಡ್ ಗೊತ್ತಿರಬೇಕಿಲ್ಲ, ಮನುಷ್ಯರು ಗೊತ್ತಿದ್ದರೆ ಸಾಕು. ಹಾಗಂತ ಗಿಟ್‌ಹಬ್ ಖಾಲಿ ಇದ್ದವರನ್ನು ಬಿಟ್ಟುಬಿಡಬೇಡಿ. ಬ್ಯಾಂಕುಗಳ ಸಿಸ್ಟಮ್ ನಡೆಸುವ ಎಷ್ಟೋ ಒಳ್ಳೆಯ ಇಂಜಿನಿಯರುಗಳು ತಮ್ಮ ಕೆಲಸವನ್ನು ಹೊರಗೆ ತೋರಿಸುವಂತೆಯೇ ಇಲ್ಲ.

ಅಂಥವರು ಸಿಗುವುದು ಮೀಟಪ್‌ಗಳಲ್ಲಿ, ಅಂದರೆ ಇಂಜಿನಿಯರುಗಳು ಸೇರಿ ಮಾತಾಡುವ ಸಭೆಗಳಲ್ಲಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಸಮ್ಮೇಳನ ಪೈಕಾನ್, ದೇಶದಲ್ಲಿ ಮೊದಲು 2009ರಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್, ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್ ತರಹದ ಗುಂಪುಗಳು ಇಲ್ಲಿವೆ. ಹೋಗಿ, ಕೂತು ಕೇಳಿ. ಕಾರ್ಡ್ ಹಂಚಬೇಡಿ. ಮೂರನೇ ಸಲ ಹೋದಾಗ ಅವರೇ ಬಂದು ಮಾತಾಡಿಸುತ್ತಾರೆ.

ಮೊದಲ ಮೆಸೇಜಿನಲ್ಲಿ ಕಂಪನಿ ಯಾವುದು, ಸಂಬಳ ಎಷ್ಟರಿಂದ ಎಷ್ಟು, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಎಂದು ನೇರ ಬರೆಯಿರಿ. ಅವರ ಕೆಲಸದಲ್ಲಿ ನಿಮಗೆ ಹಿಡಿಸಿದ್ದೇನು ಎಂದೂ ಒಂದು ಸಾಲು ಇರಲಿ. ಕೇಳದೆ ಯಾರ ರೆಸ್ಯೂಮೆಯನ್ನೂ ಮುಂದೆ ಕಳಿಸಬೇಡಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆಂದೇ ಕಾಯ್ದೆ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ಅದು ಅವರ ಬದುಕು ಅಲ್ವಾ? ಈಗಿರುವ ಕಂಪನಿಗೆ ಸುದ್ದಿ ಮುಟ್ಟಿದರೆ ಪೆಟ್ಟು ಬೀಳುವುದು ಅವರಿಗೆ.

ಇಷ್ಟೆಲ್ಲ ಮಾಡಿದರೂ ನನ್ನ ಅರ್ಧಕ್ಕರ್ಧ ಕೆಲಸ ನಡೆಯುತ್ತಿರುವುದು ಬೇರೆ ದಾರಿಯಲ್ಲಿ. ಒಂದು ಹುದ್ದೆಗೆ ಐದು ಜನ ಇಂಟರ್‌ವ್ಯೂಗೆ ಹೋಗುತ್ತಾರೆ, ಒಬ್ಬರು ಆಯ್ಕೆಯಾಗುತ್ತಾರೆ. ಉಳಿದ ನಾಲ್ವರಿಗೆ ಆಮೇಲೆ ಫೋನ್ ಮಾಡುವವರೇ ಇಲ್ಲ. 2021ರಲ್ಲಿ ದಾವಣಗೆರೆಯ ಹೆಣ್ಣುಮಗಳೊಬ್ಬರು ಕೊನೆಯ ಸುತ್ತಿನಲ್ಲಿ ಬಿದ್ದರು. ಅಂದೇ ಫೋನ್ ಮಾಡಿ, ಕ್ಲೈಂಟ್ ಹೇಳಿದ ಕಾರಣವನ್ನು ಮುಚ್ಚುಮರೆ ಇಲ್ಲದೆ ತಿಳಿಸಿದೆ. ಡೇಟಾಬೇಸ್ ಡಿಸೈನ್ ಗಟ್ಟಿ ಮಾಡಿಕೊಳ್ಳಿ ಎಂದೆ. ಎರಡು ವರ್ಷದ ಮೇಲೆ ಅವರನ್ನೇ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಸೇರಿಸಿದೆ. ಅಲ್ಲಿಂದ ಈಚೆಗೆ ಅವರು ಕಳಿಸಿಕೊಟ್ಟ ಮೂವರು ಸೇರಿದ್ದಾರೆ. ಆ ಮೂವರಲ್ಲಿ ಒಬ್ಬರ ರೆಸ್ಯೂಮೆಯೂ ಯಾವ ಪೋರ್ಟಲ್‌ನಲ್ಲೂ ಇರಲಿಲ್ಲ.

ನನ್ನ ಎಕ್ಸೆಲ್ ಶೀಟಿನಲ್ಲಿ "ಆಯ್ಕೆಯಾಗಲಿಲ್ಲ, ಯಾಕೆ" ಎಂದು ಒಂದು ಕಾಲಂ ಇದೆ. ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಆ ಕಾಲಂ ನೋಡಿಕೊಂಡು ಫೋನ್ ಮಾಡುತ್ತೇನೆ.