ಏರೋಬ್ರಿಜ್ ಖಾಲಿ ಇದ್ದರೂ ಬಸ್ಸು ಯಾಕೆ?

ಪ್ರಶ್ನೆ: ವಿಮಾನ ಇಳಿದ ಮೇಲೆ ಕಿಟಕಿಯಿಂದ ನೋಡಿದರೆ ಒಂದೆರಡು ಏರೋಬ್ರಿಜ್ (ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೆ ಚಾಚುವ ಸೇತುವೆ) ಖಾಲಿಯೇ ಕಾಣುತ್ತವೆ. ಆದರೂ ನಮ್ಮನ್ನು ದೂರದಲ್ಲಿ ಇಳಿಸಿ ಬಸ್ಸು ಹತ್ತಿಸುತ್ತಾರೆ. ಯಾಕೆ?

ಉತ್ತರ: ಬ್ರಿಜ್ ಖಾಲಿ ಇದೆ ಅಂದಮಾತ್ರಕ್ಕೆ ಅದರ ಮುಂದಿನ ಜಾಗ ಖಾಲಿ ಇದೆ ಎಂದಲ್ಲ. ಏಪ್ರನ್ನಿನಲ್ಲಿ, ಅಂದರೆ ವಿಮಾನಗಳು ನಿಲ್ಲುವ ಅಂಗಳದಲ್ಲಿ, ಜಾಗ ಹಂಚುವುದು ರೆಕ್ಕೆಯ ಅಳತೆ ನೋಡಿ.

ಏರ್‌ಬಸ್ ಎ320, ಬೋಯಿಂಗ್ 737ರಂಥ ವಿಮಾನಗಳು ‘ಸಿ’ ವರ್ಗದವು, ರೆಕ್ಕೆಯಗಲ 36 ಮೀಟರಿನೊಳಗೆ. ದೊಡ್ಡದಾದ ಬೋಯಿಂಗ್ 777 ‘ಇ’ ವರ್ಗದ್ದು, 65ರೊಳಗೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಮಾನದಂಡದ ಪ್ರಕಾರ ನಿಂತ ವಿಮಾನಗಳ ನಡುವೆ ಸಿ ವರ್ಗಕ್ಕೆ 4.5 ಮೀಟರ್, ಇ ವರ್ಗಕ್ಕೆ 7.5 ಮೀಟರ್ ತೆರವಿರಬೇಕು. ಅಲ್ಲಿಗೆ ಒಂದು ಸಿ ಸ್ಟ್ಯಾಂಡಿಗೆ (ಒಂದು ವಿಮಾನ ನಿಲ್ಲುವ ಜಾಗಕ್ಕೆ) 40.5, ಒಂದು ಇ ಸ್ಟ್ಯಾಂಡಿಗೆ 72.5 ಮೀಟರ್ ಆಯಿತು. ಎರಡು ಸಿ ವಿಮಾನಗಳಿಗೆ 81 ಮೀಟರ್ ಬೇಕಲ್ಲ, ಅವು ಇ ಸ್ಟ್ಯಾಂಡಿನಲ್ಲಿ ಹಿಡಿಸುವುದಿಲ್ಲ. ನಕ್ಷೆ ಹಾಕುವಾಗಲೇ ಹೆಚ್ಚುವರಿ 8.5 ಮೀಟರ್ ಬಿಟ್ಟುಕೊಂಡರೆ ಅದೇ ಜಾಗದಲ್ಲಿ ಒಮ್ಮೆ ಎರಡು ಸಣ್ಣವು, ಇನ್ನೊಮ್ಮೆ ಒಂದು ದೊಡ್ಡದು ನಿಲ್ಲಬಹುದು. ಇದಕ್ಕೆ ‘ಮಾರ್ಸ್’ ಸ್ಟ್ಯಾಂಡ್ ಎನ್ನುತ್ತಾರೆ. ಅಲ್ಲಿ ನೆಲದ ಮೇಲೆ ಮೂರು ಹಳದಿ ಗೆರೆಗಳಿರುತ್ತವೆ. ನಡುಗೆರೆಯಲ್ಲಿ ದೊಡ್ಡದು ನಿಂತರೆ ಎರಡೂ ಪಕ್ಕದ ಗೆರೆಗಳು ಬಂದ್. ಅದು ಒಂದೇ ಬ್ರಿಜ್ ಬಳಸುತ್ತಿದ್ದರೆ ಇನ್ನೊಂದು ನಿಮಗೆ ಖಾಲಿ ಕಾಣುತ್ತದೆ, ಅಷ್ಟೆ.

ಕೆಲವು ಬ್ರಿಜ್‌ಗಳು ಕಣ್ಣಿಗೆ ಖಾಲಿ, ವೇಳಾಪಟ್ಟಿಯಲ್ಲಿ ಭರ್ತಿ. ನಿಮ್ಮ ವಿಮಾನ ಮತ್ತೆ ಹೊರಡಲು 40 ನಿಮಿಷ ಬೇಕು, ಆ ಸ್ಟ್ಯಾಂಡಿಗೆ ಇನ್ನೊಂದು ವಿಮಾನ 15 ನಿಮಿಷದಲ್ಲಿ ಬರಲಿದೆ ಎಂದರೆ ನಿಮ್ಮದನ್ನು ಅಲ್ಲಿ ನಿಲ್ಲಿಸುವಂತಿಲ್ಲ.

ನಿಜವಾದ ಇಕ್ಕಟ್ಟು ಹಿಂಬದಿಯಲ್ಲಿ. ಟರ್ಮಿನಲ್‌ನ ಎರಡು ಚಾಚುಗಳ ನಡುವೆ ಒಂದೇ ಟ್ಯಾಕ್ಸಿಲೇನ್ (ಸ್ಟ್ಯಾಂಡಿಗೆ ವಿಮಾನ ಹೋಗಿಬರುವ ದಾರಿ) ಇದೆ, ಕೊನೆಯಲ್ಲಿ ದಾರಿ ಮುಚ್ಚಿದೆ ಎಂದುಕೊಳ್ಳಿ. ಮೂತಿ ಒಳಗೆ ಮಾಡಿ ನಿಂತ ವಿಮಾನವನ್ನು ಟಗ್ ಎಂಬ ತಳ್ಳುಗಾಡಿ ಹಿಂದಕ್ಕೆ ತಳ್ಳಬೇಕು, ಎಂಜಿನ್ ಶುರುವಾಗಬೇಕು, ಟಗ್ ಬಿಡಿಸಿಕೊಂಡು ಸರಿಯಬೇಕು. ಆ ಕೆಲವು ನಿಮಿಷ ಲೇನ್‌ನಲ್ಲಿ ಅದಕ್ಕಿಂತ ಒಳಗಿರುವ ಯಾವ ಸ್ಟ್ಯಾಂಡಿಗೂ ಯಾರೂ ಹೋಗುವಂತಿಲ್ಲ, ಅಲ್ಲಿಂದ ಬರುವಂತಿಲ್ಲ. ಬ್ರಿಜ್ ಎಷ್ಟೇ ಖಾಲಿಯಿರಲಿ, ತಲುಪುವ ದಾರಿ ಇಲ್ಲ. ಎರಡನೇ ಲೇನ್‌ಗೆ ಸಿ ವರ್ಗದಲ್ಲೇ ಸುಮಾರು 40 ಮೀಟರ್ ಅಗಲ ಹೆಚ್ಚು ಬೇಕು. ಹಣ ಉಳಿಸಲು ಮೊದಲು ಕತ್ತರಿ ಬೀಳುವುದು ಇದಕ್ಕೇ. ನಮ್ಮ ಪ್ರಕಾರ ಅದು ತಪ್ಪು: ಬ್ರಿಜ್ ಆಮೇಲೆ ಕೂರಿಸಬಹುದು, ಕಟ್ಟಡವನ್ನು ಹಿಂದಕ್ಕೆ ಸರಿಸಲಾಗದು.

ನಿಮ್ಮದು ಎಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಆಗಿದ್ದರೆ ಪ್ರಶ್ನೆಯೇ ಇಲ್ಲ. ಪ್ರಯಾಣಿಕರು ಹತ್ತಿಳಿಯುವ ಬಾಗಿಲು ಹಿಂದಿದೆ, ಮುಂದಿನದು ಸರಕಿನದು. ಸಾಮಾನ್ಯ ಬ್ರಿಜ್ ಅದಕ್ಕೆ ಒಗ್ಗುವುದಿಲ್ಲ.

ಹಾಗಂತ ದೂರದ ಸ್ಟ್ಯಾಂಡ್ ಕೀಳೇನಲ್ಲ. ಹಿಂದೆ ಮುಂದೆ ಎರಡೂ ಬಾಗಿಲಿಗೆ ಮೆಟ್ಟಿಲು ಹಚ್ಚಬಹುದು, ಜನ ಬೇಗ ಇಳಿಯುತ್ತಾರೆ. ತೊಂದರೆ ಬರುವುದು ಬಸ್ಸಿನ ಜಾಗ ತಪ್ಪಿದಾಗ. ಎ320ಯಲ್ಲಿ ಪ್ರಯಾಣಿಕರು ಇಳಿಯುವುದು ಎಡಕ್ಕೆ. ಬ್ಯಾಗೇಜ್ ಬಾಗಿಲುಗಳು ಬಲಕ್ಕೆ, ಇಂಧನ ತುಂಬುವುದೂ ಸಾಮಾನ್ಯವಾಗಿ ಬಲರೆಕ್ಕೆಯ ಕೆಳಗೆ. ಆದ್ದರಿಂದ ಬಸ್ಸುಗಳು ಎಡದಲ್ಲೇ ನಿಲ್ಲಬೇಕು, ಅದೂ ಒಂದಲ್ಲ, ಎರಡು: 180 ಸೀಟಿನ ವಿಮಾನದ ಜನ ಒಂದರಲ್ಲಿ ಹಿಡಿಸುವುದಿಲ್ಲ. ಎರಡನೆಯದಕ್ಕೆ ಜಾಗ ಗುರುತಿಸದೆ ಬಿಟ್ಟರೆ ಅದು ಸರ್ವಿಸ್ ರಸ್ತೆಯಲ್ಲೇ ನಿಂತು ಕಾಯುತ್ತದೆ, ಅದರ ಹಿಂದೆ ಪಕ್ಕದ ವಿಮಾನದ ಬ್ಯಾಗೇಜ್ ಟ್ರಾಲಿಗಳ ಸಾಲು.